ಹೊಸ ಮಾಡೆಲ್ಲೂ ಹಳೆ ಮಿಷನ್ನೂ

ಮಾರುಕಟ್ಟೆಗೆ ಹೊಸದೊಂದು ಬಂತೆಂದರೆ ಹಳೆಯದು ರಾತ್ರೋರಾತ್ರಿ ಮುದಿಯಾಗಿಬಿಡುತ್ತದೆ. ನಿನ್ನೆಯವರೆಗೆ ಚೆನ್ನಾಗಿ ಓಡುತ್ತಿದ್ದ ಸ್ಕೂಟರು, ಗೋಡೆಯ ಮೇಲಿನ ಟೀವಿ, ಜೇಬಿನಲ್ಲಿದ್ದ ಫೋನು ಯಾವುದಕ್ಕೂ ಏನೂ ಆಗಿರುವುದಿಲ್ಲ. ಪೇಪರಿನಲ್ಲಿ ಒಂದು ಜಾಹೀರಾತು ಬಂದಿರುತ್ತದೆ, ಅಷ್ಟೆ. ಮನೆಯಲ್ಲಿ ಪಿಯುಸಿ ಮುಗಿಸಿದ ಮಕ್ಕಳಿದ್ದರಂತೂ ಆ ಜಾಹೀರಾತು ಊಟದ ತಟ್ಟೆಯ ಮುಂದೆಯೇ ಬಂದು ಕೂರುತ್ತದೆ.

ತಿಪಟೂರಿನ ಹೈಸ್ಕೂಲು ಗಣಿತದ ಮೇಷ್ಟ್ರೊಬ್ಬರ ಮನೆಯಲ್ಲಿ 2025ರಲ್ಲಿ ಆದದ್ದೂ ಇದೇ. ಮಗಳಿಗೆ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಸೀಟು ಸಿಕ್ಕಿತು. ಸಿಹಿ ಹಂಚಿದ್ದಾಯಿತು, ಹಾಸ್ಟೆಲ್ಲಿಗೆ ಹಾಸಿಗೆ, ಬಕೆಟ್ಟುಗಳ ಪಟ್ಟಿ ತಯಾರಾಯಿತು. ಪಟ್ಟಿಯ ಕೊನೆಯಲ್ಲಿ ಮಗಳು ಸಣ್ಣ ಅಕ್ಷರದಲ್ಲಿ ಬರೆದಿದ್ದಳು: 'ಲ್ಯಾಪ್‌ಟಾಪ್'. ಅದರ ಮುಂದೆ ಇನ್ನೂ ಸಣ್ಣದಾಗಿ, 'ಮ್ಯಾಕ್‌ಬುಕ್ ಏರ್, ಹೊಸದು'.

"ಎಷ್ಟಮ್ಮಾ ಅದಕ್ಕೆ?" ಎಂದರು ಮೇಷ್ಟ್ರು.

"ತೊಂಬತ್ತೊಂಬತ್ತು ಸಾವಿರದ ಒಂಬೈನೂರು. ಆದ್ರೆ ಸ್ಟೂಡೆಂಟ್ಸ್‌ಗೆ ಹತ್ತು ಸಾವಿರ ಕಡಿಮೆ ಅಪ್ಪಾ. ಎಂಬತ್ತೊಂಬತ್ತು ಸಾವಿರದ ಒಂಬೈನೂರು."

ಮೇಷ್ಟ್ರು ಸಿಡುಕಲಿಲ್ಲ. ಗಣಿತದ ಮೇಷ್ಟ್ರುಗಳು ಸಾಮಾನ್ಯವಾಗಿ ಮೊದಲು ಲೆಕ್ಕ ಮಾಡುತ್ತಾರೆ, ಆಮೇಲೆ ಸಿಡುಕುತ್ತಾರೆ. ಹಳೆಯ ಪ್ರಶ್ನೆಪತ್ರಿಕೆಯೊಂದರ ಹಿಂಬದಿಯಲ್ಲಿ ಗೀಟು ಹಾಕಿ, ಮಗಳಿಂದ ಒಂದೊಂದೇ ಅಂಕಿ ಕೇಳಿ ಬರೆದುಕೊಂಡರು. ಎಂ1 ಚಿಪ್ಪಿನ ಮೊದಲ ಏರ್ 2020ರ ನವೆಂಬರಿನಲ್ಲಿ ಬಂದಾಗ ಇಲ್ಲಿ 92,900 ರೂಪಾಯಿ. 2022ರಲ್ಲಿ ಎಂ2 ಬಂತು. ಮೈಕಟ್ಟು ಹೊಸದಾಯಿತು, ಬೆಲೆ 1,19,900ಕ್ಕೆ ಜಿಗಿಯಿತು. 2024ರ ಮಾರ್ಚಿನಲ್ಲಿ ಎಂ3, 1,14,900. ಇಷ್ಟೂ ಕಾಲ ಕಡಿಮೆ ಬೆಲೆಯದರಲ್ಲಿ ಇದ್ದ ಮೆಮೊರಿ 8 ಜಿಬಿ ಮಾತ್ರ. 2024ರ ಅಕ್ಟೋಬರ್ ಕೊನೆಯಲ್ಲಿ ಕಂಪನಿ ಬೆಲೆ ಏರಿಸದೆಯೇ ಅದನ್ನು 16 ಜಿಬಿ ಮಾಡಿತು. 2025ರ ಮಾರ್ಚಿನಲ್ಲಿ ಎಂ4 ಬಂದಾಗ ಆ 16 ಜಿಬಿಯನ್ನು ಉಳಿಸಿಕೊಂಡೇ ಬೆಲೆ 99,900ಕ್ಕೆ ಇಳಿಯಿತು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಹೊಸದು ಬಂದಾಗ ಬೆಲೆ ಏರುವುದೇ ಲೋಕರೂಢಿ. ಇಲ್ಲಿ ಹೊಸದು ಹೆಚ್ಚು ಚುರುಕು, ಕ್ಯಾಮೆರಾ ಮೊದಲಿಗಿಂತ ಉತ್ತಮ, ಮೆಮೊರಿ ಇಮ್ಮಡಿ, ಬೆಲೆ ಮಾತ್ರ ಹದಿನೈದು ಸಾವಿರ ಕಡಿಮೆ!

"ಹೋದ ವರ್ಷ ತಗೊಂಡವರಿಗಿಂತ ನಮಗೆ ಹದಿನೈದು ಸಾವಿರ ಲಾಭ ಕಣೇ" ಎಂದು ಅಡುಗೆಮನೆಯ ಕಡೆ ತಿರುಗಿ ಹೇಳಿದರು.

"ತಗೊಳ್ಳದೇ ಇದ್ರೆ ಎಷ್ಟು ಲಾಭ ಬರುತ್ತೆ, ಅದನ್ನೂ ಒಂದಿಷ್ಟು ನೋಡಿ" ಎಂಬ ಉತ್ತರ ಒಗ್ಗರಣೆಯ ಜತೆಗೆ ಬಂತು.

ಮನೆಯಾಕೆ ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಮೇಷ್ಟ್ರ ಸಂಬಳ ಮನೆಯ ಸಾಲಕ್ಕೂ ಹಾಸ್ಟೆಲ್ಲಿಗೂ ಕಾಲೇಜಿನ ಫೀಸಿಗೂ ಆಗಲೇ ಹಂಚಿಹೋಗಿತ್ತು. ಮನೆಯಲ್ಲಿ ಒಟ್ಟಾಗಿ ಇದ್ದ ಹಣವೆಂದರೆ ಆಕೆ ಹೊಲಿಗೆಯ ಸಂಪಾದನೆಯಲ್ಲಿ ತಿಂಗಳು ತಿಂಗಳು ಕಟ್ಟಿದ್ದ ಒಂದು ಲಕ್ಷದ ಚೀಟಿ. ಅದು ಆ ತಿಂಗಳು ಕೈಗೆ ಬರುವುದಿತ್ತು. ಯಾವುದಕ್ಕೆಂದು ಇಟ್ಟದ್ದು ಎಂದು ಆಕೆ ಹೇಳಿರಲಿಲ್ಲ. ಕೇಳಬೇಕೆಂದು ಇವರಿಗೂ ಹೊಳೆದಿರಲಿಲ್ಲ. ಮನೆಯಲ್ಲಿ ಅಮ್ಮಂದಿರ ಹಣಕ್ಕೆ ಹೆಸರೇ ಇರುವುದಿಲ್ಲ. ಯಾರಿಗೆ ಅವಸರವೋ ಅದು ಅವರದ್ದು.

ಮುಂದಿನ ವಾರ ದಾಖಲೆಪತ್ರ ಕೊಡಲು ಅಪ್ಪ ಮಗಳು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೊರಟರು. ಕಾಲೇಜಿನ ಕೆಲಸ ಮಧ್ಯಾಹ್ನಕ್ಕೇ ಮುಗಿಯಿತು. "ಬಾ, ಅದನ್ನೂ ಒಂದ್ಸಲ ನೋಡೇಬಿಡೋಣ" ಎಂದು ಮೇಷ್ಟ್ರೇ ಅಂಗಡಿಗೆ ಹೊರಟರು. ನೋಡಿ, ಏನಾದರೊಂದು ಕೊರತೆ ಹುಡುಕಿ, ಮಗಳಿಗೆ ಸಮಾಧಾನ ಹೇಳಿ ಕರೆತರುವುದು ಅವರ ಹಂಚಿಕೆ.

ಆದದ್ದು ಬೇರೆ. ಅಂಗಡಿಯ ಹುಡುಗ ತಿಳಿ ನೀಲಿ ಬಣ್ಣದ್ದೊಂದನ್ನು ಎತ್ತಿ ಅವರ ಅಂಗೈ ಮೇಲಿಟ್ಟ. ತೂಕ 1.24 ಕಿಲೋ. ಅವರು ದಿನಾ ಹೊತ್ತು ತರುವ ಉತ್ತರಪತ್ರಿಕೆಗಳ ಕಟ್ಟೇ ಅದಕ್ಕಿಂತ ಭಾರ. ಮುಚ್ಚಳ ತೆರೆದರೆ ಬೆಳಕು. ಕಿವಿಗೊಟ್ಟರೆ ಸದ್ದೇ ಇಲ್ಲ. "ಇದರಲ್ಲಿ ಫ್ಯಾನೇ ಇಲ್ಲ ಸಾರ್" ಎಂದ ಹುಡುಗ. ಮೇಷ್ಟ್ರಿಗೆ ತಮ್ಮ ಶಾಲೆಯ ಆಫೀಸಿನ ಕಂಪ್ಯೂಟರು ನೆನಪಾಯಿತು. ಮಕ್ಕಳ ವಿವರಗಳನ್ನು ಎಸ್‌ಎಟಿಎಸ್‌ಗೆ ತುಂಬುವ ದಿನ ಅದು ರಾಗಿ ಬೀಸುವ ಗಿರಣಿಯಂತೆ ಗುರುಗುಟ್ಟಿ, ಕೊನೆಯ ಹೆಸರು ತುಂಬುವ ಹೊತ್ತಿಗೆ ನಿಂತುಬಿಡುತ್ತಿತ್ತು. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂದು ಕೇಳಿದರು. ವಿಡಿಯೋ ನೋಡಿದರೆ 18 ಗಂಟೆಯವರೆಗೆ ಎಂಬುದು ಕಂಪನಿಯ ಲೆಕ್ಕ. ಅರ್ಧ ಕಳೆದರೂ ಒಂದು ಕಾಲೇಜಿನ ದಿನ ಕಳೆಯುತ್ತದೆ ಎಂದು ಮನಸ್ಸಿನಲ್ಲೇ ಭಾಗಿಸಿಕೊಂಡರು.

ಕೊರತೆಗಳೂ ಕಂಡವು. ಒಳಗಿನ ಸಂಗ್ರಹ 256 ಜಿಬಿ. 512 ಬೇಕೆಂದರೆ ಇನ್ನೂ ಇಪ್ಪತ್ತು ಸಾವಿರ. ಮುಂದೆ ಬೇಕಾದಾಗ ಮೆಮೊರಿಯನ್ನಾಗಲಿ ಸಂಗ್ರಹವನ್ನಾಗಲಿ ಹೆಚ್ಚಿಸಿಕೊಳ್ಳುವಂತಿಲ್ಲ. ಕೊಳ್ಳುವ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. ಮಾಮೂಲಿ ಪೆನ್‌ಡ್ರೈವ್ ಸಿಕ್ಕಿಸಲು ಜಾಗವಿಲ್ಲ, ಅದಕ್ಕೆ ಬೇರೆ ಕೊಂಡಿ ಬೇಕು. ಆದರೆ ಮನಸ್ಸು ಒಲಿದ ಮೇಲೆ ಕೊರತೆಗಳು ಹೆಣ್ಣು ನೋಡಲು ಹೋದವರಿಗೆ ಕಂಡ ಗೋಡೆಯ ಬಿರುಕಿನಂತೆ. ಕಂಡರೂ ಯಾರೂ ಅದರ ಮಾತೆತ್ತುವುದಿಲ್ಲ.

ವಾಪಸಾಗುವಾಗ ರೈಲಿನಲ್ಲಿ ಮೇಷ್ಟ್ರು ಮತ್ತೆ ಕಾಗದ ತೆಗೆದರು. ವಿಂಡೋಸ್ ಲ್ಯಾಪ್‌ಟಾಪಿಗೆ ಅರವತ್ತು ಸಾವಿರವೆಂದಿಟ್ಟುಕೊಂಡರೆ, ನಾಲ್ಕು ವರ್ಷಕ್ಕೆ ವರ್ಷಕ್ಕೆ 15,000. ಇದಕ್ಕೆ 89,900, ನಾಲ್ಕರಿಂದ ಭಾಗಿಸಿದರೆ 22,475. ದುಬಾರಿ. ಆದರೆ ಆರು ವರ್ಷ ಬಾಳಿಕೆ ಬಂದರೆ? 14,983! "ನೋಡಮ್ಮಾ, ಸರಿಹೋಯ್ತು" ಎಂದರು ಸಂಭ್ರಮದಿಂದ. ಉತ್ತರ ಮೊದಲೇ ಗೊತ್ತಿದ್ದು ಲೆಕ್ಕವನ್ನು ಅದಕ್ಕೆ ಹೊಂದಿಸುವ ವಿದ್ಯಾರ್ಥಿಗಳಿಗೆ ಅವರು ಮೂವತ್ತು ವರ್ಷದಿಂದ ಸೊನ್ನೆ ಹಾಕುತ್ತ ಬಂದಿದ್ದರು. ಆ ದಿನ ಮಾತ್ರ ಅದು ನೆನಪಾಗಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ವರದಿ ಒಪ್ಪಿಸಿದ್ದಾಯಿತು. ಎಲ್ಲವನ್ನೂ ಕೇಳಿದ ಮನೆಯಾಕೆ ಒಂದೇ ಪ್ರಶ್ನೆ ಕೇಳಿದರು. "ಅದ್ರಲ್ಲಿ ಆಗೋ, ಬೇರೇದ್ರಲ್ಲಿ ಆಗದೇ ಇರೋ ಕೆಲಸ ಯಾವ್ದು?"

ಆ ಪ್ರಶ್ನೆ ಆಕೆಗೆ ಹೊಸದಲ್ಲ. ನಡುಮನೆಯ ಕಿಟಕಿಯ ಪಕ್ಕ ಇರುವ ಹೊಲಿಗೆ ಮಿಷನ್ನು ಮದುವೆಯಾದ ಹೊಸತರಲ್ಲಿ ಕೊಂಡದ್ದು. ಮಂಡಿ ನೋವು ಶುರುವಾದಾಗ ಅಂಗಡಿಯವನು ಬಣ್ಣದ ಹೊಸ ಮಾಡೆಲ್ ತೋರಿಸಿ ನೂರೆಂಟು ಬಗೆಯ ಹೊಲಿಗೆ ಬರುತ್ತದೆಂದು ಹೇಳಿದ್ದ. "ನನಗೆ ಬೇಕಿರೋದು ಎರಡು ಬಗೆ. ನೋವು ಕಾಲಿಗೆ, ಮಿಷನ್ನಿಗಲ್ಲ" ಎಂದು ಹಳೆಯದಕ್ಕೇ ಮೋಟಾರು ಹಾಕಿಸಿಕೊಂಡು ಬಂದಿದ್ದರು.

ಅಪ್ಪ ಮಗಳು ಮುಖ ಮುಖ ನೋಡಿಕೊಂಡರು. ಹಗುರ ಎಂದರು, ಸದ್ದಿಲ್ಲ ಎಂದರು. "ಅದು ಅದರ ಗುಣ. ನಾನು ಕೇಳಿದ್ದು ಇವಳ ಕೆಲಸ" ಎಂದರು ಆಕೆ.

ಮಗಳ ಕಣ್ಣಲ್ಲಿ ಥಟ್ಟನೆ ನೀರು ಬಂತು. "ಎಲ್ರ ಹತ್ರಾನೂ ಅದೇ ಇರುತ್ತಮ್ಮಾ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಮ್ಮು. ಮಾತಾಡಿದ್ರೆ ಮೊದಲ ದಿನಾನೇ ಗೊತ್ತಾಗುತ್ತೆ. ಟೇಬಲ್ ಮೇಲಿಟ್ಟಿದ್ದರಲ್ಲಾದ್ರೂ ಗೊತ್ತಾಗ್ದೇ ಇರ್ಲಿ ಅಂತ."

ಯಾರೂ ಮಾತಾಡಲಿಲ್ಲ. ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಬರೆಯದೇ ಬಿಟ್ಟ ಅಂಕಿ ಅದೊಂದೇ ಆಗಿತ್ತು. ಮೇಷ್ಟ್ರಿಗೆ ತಾವು ಡಿಗ್ರಿಗೆಂದು ತುಮಕೂರಿಗೆ ಹೋದ ವರ್ಷ, ಬೇಡವೆಂದರೂ ಹಟ ಮಾಡಿ ಕೊಡಿಸಿಕೊಂಡ ಬೂಟು ನೆನಪಾಯಿತು. ಕಾಲು ಕಚ್ಚುತ್ತಿದ್ದರೂ ಅದನ್ನು ಒಂದು ವರ್ಷ ಬಿಡದೆ ಹಾಕಿದ್ದರು. ಮನೆಯಾಕೆ ಮಗಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿ, "ಹಾಗಾದ್ರೆ ತಗೋ. ಚೀಟಿ ದುಡ್ಡು ಇದೆಯಲ್ಲ" ಎಂದರು. ಅಳುವ ಮಕ್ಕಳ ಮುಂದೆ ಯಾವ ತಾಯಿಯ ಪ್ರಶ್ನೆ ತಾನೇ ನಿಂತೀತು?

ನಿಂತದ್ದು ಮಗಳ ಮನಸ್ಸಿನಲ್ಲಿ. ಮಾರನೆಯ ದಿನ ಚೀಟಿಯವರಿಗೆ ತೋರಿಸಲೆಂದು ಅಮ್ಮನ ಲೆಕ್ಕದ ಪುಸ್ತಕ ತೆಗೆದಾಗ ಕೊನೆಯ ಹಾಳೆ ಕಣ್ಣಿಗೆ ಬಿತ್ತು. 'ಚೀಟಿ ಬಂದ ಮೇಲೆ: ಓವರ್‌ಲಾಕ್ ಮಿಷನ್. ಮುಂದಿನ ಕೋಣೆಗೆ ಬಾಗಿಲು. ಬೋರ್ಡು.' ಅದರ ಕೆಳಗೆ, ಅಂಚು ಹೊಲಿಸಲು ಬೇರೆಯವರಿಗೆ ಕೊಟ್ಟ ಹಣ, ತಿಂಗಳು ತಿಂಗಳಿನದು, ಎರಡು ವರ್ಷದ ಲೆಕ್ಕ. ಅಮ್ಮನೂ ಒಂದು ಹೊಸ ಮಿಷನ್ನಿಗಾಗಿ ಕಾಯುತ್ತಿದ್ದರು. ಹಳೆಯದರಲ್ಲಿ ಆಗದ ಕೆಲಸ ಯಾವುದೆಂದು ಅವರಿಗೆ ಪೈಸೆಯ ಲೆಕ್ಕದಲ್ಲಿ ಗೊತ್ತಿತ್ತು.

ಹುಡುಗಿ ಪುಸ್ತಕ ಮುಚ್ಚಿಟ್ಟು, ಹಿಂದಿನ ಬೀದಿಯ ಅಕ್ಕನ ಮನೆಗೆ ಹೋದಳು. ಆಕೆ ಮೇಷ್ಟ್ರ ಹಳೆಯ ವಿದ್ಯಾರ್ಥಿನಿ. ಬೆಂಗಳೂರಿನಲ್ಲೇ ಎಲೆಕ್ಟ್ರಾನಿಕ್ಸ್ ಮೂರನೆಯ ವರ್ಷ. ಅಮ್ಮನ ಪ್ರಶ್ನೆಯನ್ನೇ ಇವಳು ತಿರುಗಿಸಿ ಕೇಳಿದಳು: "ಅದರಲ್ಲಿ ಆಗದೇ ಇರೋ ಕೆಲಸ ಏನಾದ್ರೂ ಇದ್ಯಾ ಅಕ್ಕಾ?"

ಇತ್ತು. ಎರಡನೆಯ ವರ್ಷ ವೆರಿಲಾಗ್ ಎಂಬ ಭಾಷೆಯಲ್ಲಿ ಸರ್ಕ್ಯೂಟುಗಳನ್ನು ಬರೆಯಬೇಕು. ಅದಕ್ಕೆ ಬಹಳ ಕಡೆ ಬಳಸುವ ವಿವಾಡೋ ತಂತ್ರಾಂಶ ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ನಡೆಯುತ್ತದೆ, ಮ್ಯಾಕ್‌ನಲ್ಲಿ ಇಲ್ಲ. ಮೈಕ್ರೊಕಂಟ್ರೋಲರ್ ಪಾಠಕ್ಕೆ ಬಳಸುವ ಕೈಲ್ ಮ್ಯೂವಿಷನ್ ವಿಂಡೋಸ್‌ನದ್ದು. ಮೆಕ್ಯಾನಿಕಲ್‌ನವರ ಸಾಲಿಡ್‌ವರ್ಕ್ಸ್ ಕೂಡ ಹಾಗೇ. ಮ್ಯಾಕ್‌ನೊಳಗೇ ವಿಂಡೋಸ್ ಕೂರಿಸುವ ಅಡ್ಡದಾರಿಯಿದೆ. ಆದರೆ ಅದರ ಚಿಪ್ಪಿನ ಬಗೆಯೇ ಬೇರೆ. ಎಲ್ಲ ತಂತ್ರಾಂಶವೂ ಅಲ್ಲಿ ಸರಿಯಾಗಿ ನಡೆಯುತ್ತದೆಂಬ ಭರವಸೆಯಿಲ್ಲ.

"ನೀನು ಕಂಪ್ಯೂಟರ್ ಸೈನ್ಸ್ ಆಗಿದ್ದಿದ್ರೆ ಬೇರೆ ಮಾತು" ಎಂದಳು ಅಕ್ಕ. "ಪೈಥಾನ್, ಜಾವಾ, ಸಿ ಎಲ್ಲ ಅದರಲ್ಲಿ ಸೊಗಸಾಗಿ ನಡೆಯುತ್ತೆ. ವಿಡಿಯೋ ಎಡಿಟಿಂಗ್ ಮಾಡೋರಿಗೂ ಅದೇ ಸರಿ. ಅದು ಕೆಟ್ಟ ಮಿಷನ್ನಲ್ಲ. ನಿನ್ನ ಮಿಷನ್ನಲ್ಲ ಅಷ್ಟೆ." ಆಮೇಲೆ ನಗುತ್ತ ಸೇರಿಸಿದಳು: "ಮೊದಲ ದಿನ ಎಲ್ರೂ ಲ್ಯಾಪ್‌ಟಾಪ್ ನೋಡ್ತಾರೆ ಕಣೇ. ಮೊದಲ ಇಂಟರ್ನಲ್ಸ್ ಆದ್ಮೇಲೆ ನೋಟ್ಸ್ ಯಾರ ಹತ್ರ ಇದೆ ಅಂತ ನೋಡ್ತಾರೆ."

ಸಂಜೆ ಮನೆಗೆ ಬಂದು "ನನಗೆ ಅದು ಬೇಡ" ಎಂದಾಗ ಹೆಚ್ಚು ಪೆಚ್ಚಾದವರು ಮೇಷ್ಟ್ರೇ. "ಆರು ವರ್ಷದ ಲೆಕ್ಕ ಹಾಕಿದ್ದೆನಲ್ಲಮ್ಮಾ" ಎಂದರು. "ನನಗೆ ಬೇಕಾದ ಕೆಲಸ ಮಾಡದೇ ಇರೋದು ಆರು ವರ್ಷ ಬಾಳಿಕೆ ಬಂದು ಏನು ಪ್ರಯೋಜನ ಅಪ್ಪಾ?" ಎಂದಳು ಮಗಳು. ಅಡುಗೆಮನೆಯಿಂದ ಈ ಸಲ ಮಾತು ಬರಲಿಲ್ಲ. ಒಗ್ಗರಣೆಯ ಸದ್ದೂ ನಿಂತಿತ್ತು. ಲೆಕ್ಕದ ಪುಸ್ತಕದ ಕೊನೆಯ ಹಾಳೆಯ ಸುದ್ದಿಯನ್ನು ಮಗಳು ಎತ್ತಲೇ ಇಲ್ಲ. "ಉಳಿದ ದುಡ್ಡಲ್ಲಿ ಓವರ್‌ಲಾಕ್ ಮಿಷನ್ ತಗೋಮ್ಮಾ" ಎಂದಷ್ಟೇ ಹೇಳಿದಳು.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ನಾಲ್ಕು ಅಂಗಡಿ ತಿರುಗಿ 58,500 ರೂಪಾಯಿಗೆ ಒಂದು ವಿಂಡೋಸ್ ಲ್ಯಾಪ್‌ಟಾಪ್ ಕೊಂಡರು. ಮೆಮೊರಿ 16 ಜಿಬಿ, ಸಂಗ್ರಹ 512. ಮುಂದೆ ಮೆಮೊರಿ ಹೆಚ್ಚಿಸಲು ಒಳಗೆ ಒಂದು ಖಾಲಿ ಜಾಗವಿದೆಯೆಂದು ಅಂಗಡಿಯವನಿಂದ ಬಾಯಿಮಾತಿನಲ್ಲಲ್ಲ, ಕಾಗದದಲ್ಲಿ ನೋಡಿ ಖಚಿತಪಡಿಸಿಕೊಂಡರು. ಇದು ಹಗುರವಲ್ಲ, ಬ್ಯಾಟರಿ ಮಧ್ಯಾಹ್ನದ ಹೊತ್ತಿಗೆ ಚಾರ್ಜರ್ ಬೇಡುತ್ತದೆ. ಪರದೆ ಆ ಇನ್ನೊಂದರಷ್ಟು ಸ್ವಚ್ಛವಲ್ಲ. ಕಡಿಮೆ ಕೊಟ್ಟದ್ದಕ್ಕೆ ಕಡಿಮೆ ಸಿಕ್ಕಿತು, ನಿಜ. ಆದರೆ ಬೇಕಾದದ್ದರಲ್ಲಿ ಕಡಿಮೆಯಾಗಲಿಲ್ಲ.

ದಸರಾ ರಜೆಗೆ ಮಗಳು ಊರಿಗೆ ಬಂದಳು. ಮುಂದಿನ ಕೋಣೆಗೆ ಇನ್ನೂ ಬಾಗಿಲು ಬಂದಿರಲಿಲ್ಲ. ಓವರ್‌ಲಾಕ್ ಮಿಷನ್ ಮಾತ್ರ ಬಂದಿತ್ತು. ಅದರ ಪಕ್ಕದಲ್ಲಿ ಹಬ್ಬದ ರವಿಕೆಗಳ ರಾಶಿ. ಮಗಳು ಅಲ್ಲೇ ಚಾಪೆ ಹಾಸಿಕೊಂಡು ಲ್ಯಾಪ್‌ಟಾಪ್ ತೆರೆದಳು. ಸ್ವಲ್ಪ ಹೊತ್ತಿನಲ್ಲೇ ಅದರ ಫ್ಯಾನು ಗುಂಯ್‌ಗುಡತೊಡಗಿತು.

"ಏನೇ ಅದು ಸದ್ದು?" ಎಂದರು ಅಮ್ಮ, ಮಿಷನ್ ನಿಲ್ಲಿಸಿ.

"ಕೆಲಸ ಮಾಡ್ತಾ ಇದೆ ಅಮ್ಮಾ, ನಿನ್ನದರ ಹಾಗೇ."

ಜಗುಲಿಯ ಮೇಲೆ ಉತ್ತರಪತ್ರಿಕೆ ತಿದ್ದುತ್ತಿದ್ದ ಮೇಷ್ಟ್ರು ತಲೆಯೆತ್ತಿದರು. "ಅದರಲ್ಲಿ ಫ್ಯಾನೇ ಇರಲಿಲ್ಲ ಕಣ್ರೇ" ಎಂದರು. ಎರಡು ಮಿಷನ್ನುಗಳ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.