ಒಂದು ಟಿಕ್ ಮಾರ್ಕ್

ಕಾಮಗೆರೆಯಲ್ಲಿ ಬೆಳೆದ ನನಗೆ ನೀರು ಅಂದ್ರೆ ಗುಂಡಾಲ್ ಡ್ಯಾಮ್. ಅದರ ಹತ್ತಿರಕ್ಕೂ ಅವ್ವ ಬಿಡುತ್ತಿರಲಿಲ್ಲ. ಅಂಥವಳು ಬೆಂಗಳೂರಿನ ಆಫೀಸ್ ಗೆಳತಿಯರ ಜತೆ ಅಂಡಮಾನಿನ ಹ್ಯಾವ್‌ಲಾಕ್‌ಗೆ, ಅಂದರೆ ಈಗಿನ ಸ್ವರಾಜ್ ದ್ವೀಪಕ್ಕೆ, ಸ್ಕೂಬಾ ಡೈವಿಂಗ್‌ಗೆ ಹೊರಟೆ.

ಪ್ಲಾನೆಲ್ಲ ನನ್ನದೇ. ಈಜು ಬರದವರೂ ತರಬೇತುದಾರರ ಜತೆ ಇಳಿಯಬಹುದು, 12 ಮೀಟರ್ ಒಳಗೆ. ಒಂದೇ ಸಲ ಇಳಿದರೂ ವಿಮಾನ ಹತ್ತುವ ಮುಂಚೆ ಕನಿಷ್ಠ 12 ಗಂಟೆ ಬಿಡಬೇಕು. ಹೆಚ್ಚು ಸಲ ಆದರೆ 18. ಅದಕ್ಕೇ ಎರಡನೇ ದಿನ ಡೈವ್, ಕೊನೇ ದಿನ ರಾಧಾನಗರ ಬೀಚಿನಲ್ಲಿ ಸುಮ್ಮನೆ ಕೂರೋದು ಅಂತ ಬರೆದಿಟ್ಟೆ.

ಆಮೇಲೆ ಬಂತು ಆರೋಗ್ಯದ ಫಾರ್ಮ್. ಅಸ್ತಮಾ ಇದೆಯಾ? ಇದೆ, ಚಿಕ್ಕಂದಿನಿಂದ. ಮುಂಗಡ ಬೇರೆ ಕಟ್ಟಿಯಾಗಿತ್ತು. “ಇಲ್ಲ ಅಂತ ಟಿಕ್ ಮಾಡು, ಯಾರು ನೋಡ್ತಾರೆ?” ಅಂದಳು ಗೆಳತಿ.

ರಾತ್ರಿ ಅವ್ವನಿಗೆ ಫೋನ್ ಮಾಡಿ ಹೇಳಿದೆ. “ತಳದಲ್ಲಿ ಉಸ್ರು ಕಟ್ಕಂಡ್ರೆ ಆ ಕಾಗ್ದ ಬಂದು ನಿನ್ನ ಎತ್ತದಾ ಮಗ?”

ನೀರಿನಡಿ ಉಸಿರು ಹಿಡಿಯಬಾರದು ಅನ್ನೋದೇ ಸ್ಕೂಬಾದ ಮೊದಲ ಪಾಠ. ಮೇಲೆ ಬರುತ್ತಾ ಎದೆಯೊಳಗಿನ ಗಾಳಿ ಹಿಗ್ಗುತ್ತೆ. ಅಸ್ತಮಾದಿಂದ ಅದು ಒಳಗೇ ಸಿಕ್ಕಿಕೊಂಡರೆ ಶ್ವಾಸಕೋಶವೇ ಹರಿಯಬಹುದು.

‘ಹೌದು’ ಅಂತ ಟಿಕ್ ಮಾಡಿದೆ. ಡಾಕ್ಟರು ಊದಿಸಿ ಪರೀಕ್ಷಿಸಿ, ಬೇಡ ಅಂದರು. ಆ ದಿನ ಅತ್ತೆ, ಸುಳ್ಳು ಹೇಳೋದಿಲ್ಲ.

ಡೈವ್ ಬಿಟ್ಟೆ, ಪ್ರವಾಸ ಬಿಡಲಿಲ್ಲ. ಇನ್ನೊಂದು ಟಿಕೆಟ್ ತೆಗೆದಿದ್ದೀನಿ, ಅವ್ವನಿಗೆ. ಅವಳು ಸಮುದ್ರ ನೋಡಿಲ್ಲ. “ಮೊಣಕಾಲುದ್ದ ಮಾತ್ರ” ಅಂತ ಈಗಲೇ ಷರತ್ತು ಹಾಕಿದ್ದಾಳೆ, ಇಬ್ಬರಿಗೂ.