ಎರೆಭೂತ ನೋಡಿದ್ದೀರಾ?

ಗೆಳತಿಯರೇ, ನಮ್ಮ ಕುಮಾರಪಟ್ಟಣಕ್ಕೆ ರಾಣೆಬೆನ್ನೂರು ದೂರವೇನಲ್ಲ. ಅಲ್ಲಿನ ಧಾಮ 1974ರಲ್ಲಿ ಆದದ್ದು, 119 ಚದರ ಕಿಲೋಮೀಟರ್. ಅಲ್ಲಿನ ಕೃಷ್ಣಮೃಗ ನಿಮಗೆ ಗೊತ್ತು. ಎರೆಭೂತ ಗೊತ್ತೇ? ಭೂತ ಅಲ್ರೀ, ಹಕ್ಕಿ! ಮೀಟರ್ ಎತ್ತರ, ಗಂಡಾದರೆ 15 ಕಿಲೋವರೆಗೂ ತೂಗುತ್ತದೆ. ಗೂಡು ಕಟ್ಟುವುದಿಲ್ಲ, ಬರಿ ನೆಲದ ಮೇಲೆ ಒಂದೇ ಮೊಟ್ಟೆ ಇಡುತ್ತದೆ. ಸುತ್ತಲೂ ದೂರದವರೆಗೆ ಕಾಣುವ ಹುಲ್ಲುಗಾವಲೇ ಅದಕ್ಕೆ ಬೇಕು.

ನಮ್ಮವ್ವ ಇದನ್ನು ತವರಿನ ಹೊಲದಂಚಿನಲ್ಲಿ ಕಂಡಾಕೆ. “ಗೌಡ್ರು ಹೊಲಾ ನೋಡಾಕ ಬಂದಂಗ ನಡೀತಿತ್ತವ್ವಾ” ಅಂತಿದ್ದಳು. ನಾನು ನೋಡಲೇ ಇಲ್ಲ.

ನಾನು ಶಾಲೆಯಲ್ಲಿದ್ದಾಗ ವನಮಹೋತ್ಸವವೆಂದು ಊರ ಬಯಲಿನಲ್ಲಿ ನೀಲಗಿರಿ ಸಸಿ ಹಚ್ಚಿದ್ದೆವು. ಪೆಪ್ಪರಮಿಂಟು ಕೊಟ್ಟರು, ಖುಷಿಯೋ ಖುಷಿ! ಹುಲ್ಲುಗಾವಲೆಂದರೆ ಬೀಳು ಭೂಮಿ ಎಂದೇ ಎಲ್ಲರ ಎಣಿಕೆ. ಧಾಮದ ಬಯಲಿಗೂ ನೀಲಗಿರಿಯೇ ಬಂದಿತ್ತು. ಮರ ಬೆಳೆದರೆ ಹಕ್ಕಿಗೆ ಒಳ್ಳೆಯದಲ್ಲವೇ ಎನ್ನುತ್ತೀರಿ. ಕಾಗೆಗೆ ಸರಿ, ಬಯಲ ಹಕ್ಕಿಗೆ ಮನೆಯೇ ಹೋದಂತೆ. ಬೇಟೆಯ ಕಾಟ ಬೇರೆ. ಈಗ ನಮ್ಮ ರಾಜ್ಯದಲ್ಲಿ ಅದು ಉಳಿದದ್ದು ಬಳ್ಳಾರಿಯ ಸಿರುಗುಪ್ಪದ ಕಡೆ, ಅದೂ ಬೆರಳೆಣಿಕೆಯಷ್ಟು.

ಮೊನ್ನೆ ಮಗಳು ಶಾಲೆಯಿಂದ ಹೊಂಗೆ ಸಸಿ ತಂದಳು. “ಆ ಬಯಲಾಗ ಹಚ್ಚೂಣೇನವ್ವಾ?” ಅಂದಳು.

“ಬ್ಯಾಡ, ಹಿತ್ತಲದಾಗ ಹಚ್ಚು” ಅಂದೆ.