ಗಸ್ಟಿ ಸ್ಪೆನ್ಸ್: ಒಂದು ಪ್ರಶ್ನೆ, ಒಂದು ಪಶ್ಚಾತ್ತಾಪ

1994ರ ಅಕ್ಟೋಬರ್ 13ರಂದು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ, ಅರವತ್ತೊಂದು ವರ್ಷ ವಯಸ್ಸಿನ ಗಸ್ಟಿ ಸ್ಪೆನ್ಸ್ ಪತ್ರಕರ್ತರೆದುರು ಒಂದು ಹೇಳಿಕೆಯನ್ನು ಓದಿದನು. ಐರ್ಲೆಂಡಿನೊಡನೆ ಸೇರದೆ ಬ್ರಿಟನ್ನಿನಲ್ಲಿಯೇ ಉಳಿಯಬೇಕೆಂದು ಹೋರಾಡುತ್ತಿದ್ದ ಪ್ರಾಟೆಸ್ಟಂಟ್ ಸಶಸ್ತ್ರ ಗುಂಪುಗಳ ಕದನವಿರಾಮದ ಘೋಷಣೆಯದು. ಮಡಿದ ನಿರಪರಾಧಿಗಳ ಬಂಧುಗಳಿಗೆ ನಿಜವಾದ ಪಶ್ಚಾತ್ತಾಪವನ್ನು ಸೂಚಿಸುವ ಮಾತೊಂದು ಅದರಲ್ಲಿತ್ತು. ಇಂತಹ ಘೋಷಣೆಗಳಲ್ಲಿ ಆ ಪದ ಅಪರೂಪ.

ಸ್ಪೆನ್ಸ್ ಹುಟ್ಟಿದ್ದು 1933ರಲ್ಲಿ, ಕಾರ್ಮಿಕರ ಬಡಾವಣೆಯಾದ ಶಾಂಕಿಲ್‌ನಲ್ಲಿ. ಬ್ರಿಟಿಷ್ ಸೈನಿಕನಾಗಿ ಸೈಪ್ರಸ್ಸಿನಲ್ಲಿ ಸೇವೆ ಸಲ್ಲಿಸಿ ಮರಳಿದವನು 'ಅಲ್‌ಸ್ಟರ್ ವಾಲಂಟಿಯರ್ ಫೋರ್ಸ್'ನ ನಾಯಕನಾದನು. ಹೆಸರು 1913ರ ಹಳೆಯ ಪಡೆಯದು, ಕೃತ್ಯಗಳು ಬೇರೆಯವು. 1966ರಲ್ಲಿ ಈ ಗುಂಪು ಐ.ಆರ್.ಎ. ವಿರುದ್ಧ ಯುದ್ಧ ಸಾರಿತು. ಆದರೆ ಅದರ ಕೈಯಲ್ಲಿ ಸತ್ತವರು ಸಾಮಾನ್ಯ ಜನರು. ಕ್ಯಾಥೊಲಿಕ್ ಪಾನಗೃಹವೊಂದಕ್ಕೆ ಇಟ್ಟ ಬೆಂಕಿ ನೆರೆಮನೆಯ ವೃದ್ಧೆಯನ್ನು ಸುಟ್ಟಿತು, ಆಕೆ ಪ್ರಾಟೆಸ್ಟಂಟಳೇ! ಅದೇ ವರ್ಷದ ಜೂನ್ ತಿಂಗಳಲ್ಲಿ, ಕೆಲಸ ಮುಗಿಸಿ ಗೆಳೆಯರೊಡನೆ ಶಾಂಕಿಲ್‌ನ ಮದ್ಯದಂಗಡಿಗೆ ಬಂದಿದ್ದ ಹದಿನೆಂಟರ ಕ್ಯಾಥೊಲಿಕ್ ತರುಣನೊಬ್ಬನು ಗುಂಡಿಗೆ ಬಲಿಯಾದನು. ಆ ಕೊಲೆಗಾಗಿ ಸ್ಪೆನ್ಸ್‌ಗೆ ಜೀವಾವಧಿ ಶಿಕ್ಷೆಯಾಯಿತು.

ಆತನ ಬದುಕಿನ ಸ್ವಾರಸ್ಯವಿರುವುದು ಸೆರೆಮನೆಯಲ್ಲಿ. 1972ರಲ್ಲಿ ಸೈನಿಕರ ಗುಂಡಿಗೆ ಸತ್ತ ಅಫೀಶಿಯಲ್ ಐ.ಆರ್.ಎ. ನಾಯಕ ಜೋ ಮೆಕ್ಯಾನ್‌ನ ಪತ್ನಿಗೆ ಆತನು ಸಂತಾಪದ ಪತ್ರ ಬರೆದನು. ಅದೇ ವರ್ಷ ಮಗಳ ಮದುವೆಗೆಂದು ಹೊರಬಂದವನು ಕೆಲ ತಿಂಗಳು ಮರೆಯಾಗಿದ್ದು ಮತ್ತೆ ಸಿಕ್ಕಿಬಿದ್ದನು. ಲಾಂಗ್ ಕೆಶ್ ಬಂದೀಖಾನೆಯಲ್ಲಿ ತನ್ನ ಪಡೆಯ ಕೈದಿಗಳನ್ನು ಸೈನ್ಯದ ಶಿಸ್ತಿನಲ್ಲಿರಿಸಿದನು. ಕವಾಯತಿನ ಜೊತೆಗೆ ಓದು, ಚರ್ಚೆಗಳೂ ನಡೆದವು. ಹೊಸದಾಗಿ ಬಂದವರನ್ನು, ನೀನಿಲ್ಲಿಗೇಕೆ ಬಂದೆ ಎಂದು ಕೇಳುತ್ತಿದ್ದನು. ಸ್ಫೋಟಕಗಳೊಡನೆ ಸಿಕ್ಕಿಬಿದ್ದಿದ್ದ ಡೇವಿಡ್ ಅರ್ವಿನ್ ತನ್ನ ಮೇಲಿನ ಆರೋಪವನ್ನೇ ಉತ್ತರವಾಗಿ ಹೇಳಿದಾಗ, ಅದಲ್ಲ, ಏಕೆ ಬಂದೆ ಎಂಬ ಪ್ರಶ್ನೆಯೇ ಮರಳಿ ಬಂತು. ಅರ್ವಿನ್ ಮುಂದೆ ಶಾಸಕನಾಗಿ, ಶಾಂತಿ ಒಪ್ಪಂದದ ಪ್ರಮುಖ ಬೆಂಬಲಿಗರಲ್ಲೊಬ್ಬನಾದನು. ಕ್ರೈಸ್ತಧರ್ಮದ ಎರಡು ಶಾಖೆಗಳ ಹೆಸರು ಹೊತ್ತಿದ್ದರೂ ಈ ಕಲಹದ ಬೇರು ಧರ್ಮಶಾಸ್ತ್ರದಲ್ಲಿರಲಿಲ್ಲ. ಬಡತನ, ಭಯ, ವೇದಿಕೆಯ ರಾಜಕಾರಣ ಇವುಗಳ ಪಾತ್ರವೇನೆಂದು ಆ ಪ್ರಶ್ನೆಯೇ ಕೈದಿಗಳನ್ನು ಯೋಚನೆಗೆ ಹಚ್ಚಿತು.

1984ರಲ್ಲಿ ಬಿಡುಗಡೆಯಾದ ಸ್ಪೆನ್ಸ್ ರಾಜಕೀಯ ಸಂಧಾನದ ಪರವಾಗಿ ದುಡಿದನು. 2007ರಲ್ಲಿ ತನ್ನ ಪಡೆಯು ಶಸ್ತ್ರಮಾರ್ಗವನ್ನು ತೊರೆದುದನ್ನು ಪ್ರಕಟಿಸಿದವನೂ ಆತನೇ. 2011ರಲ್ಲಿ ತೀರಿಕೊಂಡನು. ಎಲ್ಲರ ಪರವಾಗಿ ಪಶ್ಚಾತ್ತಾಪವನ್ನು ಓದಿದ ಈ ನಾಯಕನು, ತನಗೆ ಶಿಕ್ಷೆಯಾದ ಆ ತರುಣನ ಕೊಲೆಯನ್ನು ಮಾತ್ರ ತಾನು ಮಾಡಿಲ್ಲವೆಂದೇ ಹೇಳುತ್ತ ಬಂದಿದ್ದನು.